ಬೆರಕೆ ಸೊಪ್ಪಿಗೆ ಲೇಬಲ್ ಬಂತು

'ಲೋಕಲ್ ತಿನ್ನಿ, ರೈತರಿಂದ ನೇರ ಕೊಳ್ಳಿ' ಅಂತಾವೆ ಮೈಸೂರಿನ ಸಾವಯವ ಅಂಗಡಿಗಳು. ಯಾವ ರೈತ? ಗೋಡೆ ಮೇಲೆ ಜಮೀನಿನ ಒಡೆಯನ ಫೋಟೊ ಇದೆ. ಕಳೆ ಕಿತ್ತ, ರಾಗಿ ಕೊಯ್ದ ನಮ್ಮ ಹೆಣ್ಣುಮಕ್ಕಳ ಕೂಲಿ ಎಷ್ಟು ಅಂತ ಎಲ್ಲೂ ಬರೆದಿಲ್ಲ.

ಅಣ್ಣೆ, ಗಣಿಕೆ, ಹೊನಗೊನ್ನೆ. ಹೊಲದಲ್ಲಿ ತಾನಾಗಿ ಹುಟ್ಟೋ ಬೆರಕೆ ಸೊಪ್ಪು. ಕೂಲಿಗೆ ಹೋದ ನಮ್ಮವ್ವಂದಿರು ಮಡಿಲಲ್ಲಿ ತುಂಬ್ಕೊಂಡು ಬಂದು ಮುದ್ದೆಗೆ ಮಸ್ಸೊಪ್ಪು ಮಾಡ್ತಿದ್ರು. ಆಗ ಅದು ಬಡವರ ಊಟ. ಈಗ ಪ್ಯಾಕೆಟ್ಟಲ್ಲಿ 'ಅಜ್ಜಿ ಕಾಲದ ಆರೋಗ್ಯ'. ಯಾರ ಅಜ್ಜಿ ಸ್ವಾಮಿ?

ಇನ್ನು ದನದ ಬಾಡು. ನಮ್ಮ ಕೇರಿಗೆ ಅದಕ್ಕಿಂತ ಲೋಕಲ್ ಊಟ ಯಾವುದಿತ್ತು? 2020ರ ಕಾಯ್ದೆ ಪ್ರಕಾರ ಹಸು, ಎತ್ತು ಕಡಿದರೆ 3ರಿಂದ 7 ವರ್ಷ ಜೈಲು. ದೇಸಿ ಹಸುವಿನ ತುಪ್ಪ ಶೆಲ್ಫಲ್ಲಿ, ನಮ್ಮ ಬಾಡು ಎಫ್‌ಐಆರಲ್ಲಿ. (ಅದೇ 2020ರಲ್ಲೇ ಭೂಸುಧಾರಣಾ ಕಾಯ್ದೆ ತಿದ್ದಿ, ದುಡ್ಡಿದ್ದ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅಂತ ಮಾಡಿದ್ದು. ವೀಕೆಂಡ್ ರೈತರು ಹುಟ್ಟಿದ್ದು ಸುಮ್ಮನೆ ಅಲ್ಲ.)

ದೇವರಾಜ ಮಾರ್ಕೆಟ್ ಹತ್ರ ಗೋಣಿಚೀಲ ಹಾಸಿ ಕೂತ ಅಮ್ಮನ ಜೊತೆ ಐದು ರೂಪಾಯಿಗೆ ಚೌಕಾಸಿ ಮಾಡಿ, ಆ ಅಂಗಡಿಲಿ ಬೆಲೆ ಕೇಳದೆ ಕಾರ್ಡ್ ಉಜ್ಜೋ ಪ್ರಗತಿಪರ ಗೆಳೆಯರೇ, ಮುಂದಿನ ಸಲ ಬಿಲ್ ಹಾಕೋವಾಗ ಕೇಳಿ: ಇದನ್ನ ಕಿತ್ತವರಿಗೆ ದಿನಕ್ಕೆ ಎಷ್ಟು ಕೊಡ್ತೀರಿ? ಉತ್ತರ ಏನು ಬಂತು ಅಂತ ಕಾಮೆಂಟಲ್ಲಿ ಹಾಕಿ.

ಜೈ ಭೀಮ್.