ಅಡುಗೆಮನೆಯ ಸದ್ದು ಯಾರ ಕಿವಿಗೆ ತೊಂದರೆ?

ಮಲೆನಾಡಿನಲ್ಲಿ ಹೊಸ ಮನೆಯ ಒಕ್ಕಲಿಗೆ ಹೋದವರಿಗೆ ಈಗ ಒಂದು ಪ್ರದರ್ಶನ ತಪ್ಪುವುದಿಲ್ಲ. ದೇವರಮನೆ ತೋರಿಸಿ ಆದಮೇಲೆ ಯಜಮಾನರು ಅಡುಗೆಮನೆಗೆ ಕರೆದುಕೊಂಡು ಹೋಗುತ್ತಾರೆ. ಕಟ್ಟೆಯ ಕೆಳಗಿನ ಒಂದು ಡ್ರಾಯರ್ ಎಳೆದು, ಬೆರಳ ತುದಿಯಿಂದ ತಳ್ಳಿ, ಕೈ ಹಿಂದಕ್ಕೆ ತೆಗೆದುಕೊಂಡು ನಿಲ್ಲುತ್ತಾರೆ. ಡ್ರಾಯರ್ ಅರ್ಧ ದಾರಿ ಜೋರಾಗಿ ಹೋಗಿ, ಕೊನೆಗೆ ಬೆಕ್ಕಿನ ಹೆಜ್ಜೆ ಇಟ್ಟು ಮುಚ್ಚಿಕೊಳ್ಳುತ್ತದೆ. ‘ನೋಡಿ, ಒಂಚೂರು ಸದ್ದಿಲ್ಲ’ ಎನ್ನುತ್ತಾರೆ. ನಾವು ತಲೆಯಾಡಿಸುತ್ತೇವೆ. ಅದೇ ಡ್ರಾಯರನ್ನು ನಾಳೆಯಿಂದ ದಿನಕ್ಕೆ ನಲವತ್ತು ಸಲ ಎಳೆಯಬೇಕಾದವರು ಆ ಹೊತ್ತಿಗೆ ಹಿತ್ತಿಲಲ್ಲಿ ಬಂದವರಿಗೆ ಪಾನಕ ಮಾಡುತ್ತಿರುತ್ತಾರೆ.

ನನ್ನ ತಕರಾರು ಈ ಡ್ರಾಯರಿನ ಮೇಲಲ್ಲ. ಸದ್ದಿಲ್ಲದಿರುವುದೇ ಒಳ್ಳೆಯ ಅಡುಗೆಮನೆಯ ಮೊದಲ ಗುಣ ಎಂದು ಹೇಗೆ ತೀರ್ಮಾನವಾಯಿತು, ಆ ತೀರ್ಮಾನ ಮಾಡಿದವರು ಯಾರು ಎಂಬುದರ ಮೇಲೆ.

ಮನೆಬಳಕೆಯ ಸಾಮಾನುಗಳ ಹೆಸರುಗಳ ಕುರಿತು ಸಂಶೋಧನೆ ಮಾಡುತ್ತಿರುವುದರಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಎಷ್ಟೋ ಅಡುಗೆಮನೆಗಳಲ್ಲಿ ಕೂತು ಮಾತಾಡಿದ್ದೇನೆ. ಹೊಸದಾಗಿ ಕಟ್ಟಿಸಿದ ಕಡೆಯೆಲ್ಲ ‘ಇಲ್ಲಿ ನಿಮಗೆ ಏನು ಕಷ್ಟ?’ ಎಂದು ಒಂದು ಪ್ರಶ್ನೆ ಕೇಳುತ್ತೇನೆ. ಕಟ್ಟೆ ಎತ್ತರವಾಯಿತು, ಚಪಾತಿ ಲಟ್ಟಿಸುವಾಗ ಭುಜ ನೋಯುತ್ತದೆ. ಕೆಳಗಿನ ಖಾನೆಗೆ ಬಗ್ಗಲು ಮಂಡಿ ಬಿಡುವುದಿಲ್ಲ. ಮಳೆಗಾಲದಲ್ಲಿ ಡ್ರಾಯರ್ ಎಳೆದರೆ ಬರುವುದಿಲ್ಲ. ತೊಳೆಯುವ ಜಾಗದಲ್ಲಿ ಬೆಳಕಿಲ್ಲ. ಹೊಸನಗರದ ಕಡೆಯ ಒಬ್ಬ ಅಮ್ಮ ನಕ್ಕು ಹೇಳಿದರು: ‘ಸದ್ದು ನಂಗೇನು ಮಾಡಿತ್ತು ಮಾರಾಯ್ರೆ? ಈ ಕಟ್ಟೆನ ಎರಡಿಂಚು ತಗ್ಗಿಸಿದ್ರೆ ಸಾಕಿತ್ತು.’ ಡ್ರಾಯರಿನ ಸದ್ದು ತೊಂದರೆ ಎಂದು ಅಡುಗೆ ಮಾಡುವವರು ತಾವಾಗಿ ಹೇಳಿದ್ದು ನಾನು ಕೇಳಿಲ್ಲ. ಹೇಳಿದವರು ಹಾಲಿನಲ್ಲಿ ಕೂತಿದ್ದವರು.

ಹಾಲಿಗೆ ಸದ್ದು ಯಾವಾಗ ಕೇಳಲು ಶುರುವಾಯಿತು? ಹಳೆಯ ಮಲೆನಾಡಿನ ಮನೆಯಲ್ಲಿ ಜಗಲಿಯಿಂದ ಅಡುಗೆಮನೆಗೆ ಹೋಗಲು ಎರಡು ಹೊಸ್ತಿಲಾದರೂ ದಾಟಬೇಕಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಆ ದೊಡ್ಡ ಮನೆಯೊಳಗೆ ಓಡಾಡಿ, ಅಲ್ಲಿಟ್ಟಿರುವ ಹಳೆಯ ಸಾಮಾನು ನೋಡಿದವರಿಗೆ ಈ ಮಾತು ವಿವರಿಸಬೇಕಿಲ್ಲ. ಅಂಥ ಮನೆಗಳ ಅಡುಗೆ ಕೋಣೆಯಲ್ಲಿ ಡ್ರಾಯರಿಗೆ ಕೆಲಸವೇ ಇರಲಿಲ್ಲ. ಗೋಡೆಯ ಗೂಡು, ನಾಗಂದಿಗೆ, ನೆಲುವು, ಭರಣಿ, ಮರಿಗೆ ಇವುಗಳಲ್ಲೇ ಎಲ್ಲವೂ ನಡೆಯುತ್ತಿತ್ತು. ಸದ್ದಿಗೆ ಮಾತ್ರ ಬರವಿರಲಿಲ್ಲ. ಒರಳುಕಲ್ಲು, ಬೀಸುಕಲ್ಲು, ಒನಕೆ. ಇಂದಿನ ಯಾವ ಡ್ರಾಯರೂ ಅವುಗಳ ಮುಂದೆ ನಿಲ್ಲಲಾರದು. ಆದರೂ ‘ಒರಳು ಮೆತ್ತಗೆ ತಿರುಗಿಸು’ ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಜಗಲಿಗೆ ಅದು ಕೇಳುತ್ತಲೇ ಇರಲಿಲ್ಲ. ಹೊಗೆ ತುಂಬಿದ ಆ ಕತ್ತಲೆ ಕೋಣೆ ಚೆನ್ನಾಗಿತ್ತು ಎಂದು ನಾನು ಹಾಡಿ ಹೊಗಳುತ್ತಿಲ್ಲ. ಅದರ ಕಷ್ಟ ಕಂಡವರ ಕಣ್ಣು ಕೆಮ್ಮು ಎರಡನ್ನೂ ಕೇಳಿದರೆ ಸಾಕು.

ಈಗ ನಡುವಿನ ಗೋಡೆ ಬಿದ್ದಿದೆ. ತೆರೆದ ಅಡುಗೆಮನೆ ಎಂಬ ಹೆಸರಿನಲ್ಲಿ ಒಲೆಯೂ ಟೀವಿಯೂ ಒಂದೇ ಕೋಣೆಗೆ ಬಂದಿವೆ. ಗೋಡೆ ಬಿದ್ದಾಗ ಹಾಲಿನಲ್ಲಿದ್ದವರು ಎದ್ದು ಒಳಗೆ ಬಂದು ಸೌತೆಕಾಯಿ ಹೆಚ್ಚಬಹುದಿತ್ತು. ಅವರು ಬರಲಿಲ್ಲ. ಒಳಗಿನ ಸದ್ದು ಹೊರಗೆ ಬಂತು, ಆಮೇಲೆ ಸದ್ದಿಗೆ ಮದ್ದು ಹುಡುಕಿದೆವು. ಕೇಂದ್ರದ ಅಂಕಿಅಂಶ ಇಲಾಖೆ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯನ್ನು ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಐದು ಗಂಟೆ ದುಡಿಯುವವರ ಜಾಗವನ್ನು ಅಲ್ಲಿ ಕಾಲಿಡದವರ ಕಿವಿಗೆ ಹೊಂದಿಸುವುದು ಎಂಥ ನ್ಯಾಯ?

‘ಸದ್ದು ಕಡಿಮೆ ಮಾಡುವುದೂ ತಪ್ಪೇ?’ ಎಂದು ಕೇಳಬಹುದು. ತಪ್ಪಲ್ಲ. ಮಗು ಮಲಗಿರುತ್ತದೆ, ಹಾಸಿಗೆ ಹಿಡಿದ ಅಜ್ಜ ಇರುತ್ತಾರೆ, ರಾತ್ರಿ ಪಾಳಿ ಮುಗಿಸಿ ಬಂದವರಿರುತ್ತಾರೆ. ಮಕ್ಕಳ ಬೆರಳು ಸಿಕ್ಕಿಕೊಳ್ಳುವುದೂ ತಪ್ಪುತ್ತದೆ. ಹಾಗೆ ಸದ್ದು ತಗ್ಗಿಸಬೇಕೆಂದರೆ ಮೊದಲು ಯಾವ ಸದ್ದು ಎಂದು ಕಿವಿಗೊಟ್ಟು ಕೇಳಬೇಕು. ಡ್ರಾಯರಿನಲ್ಲಿ ಮೂರು ಸದ್ದುಗಳಿವೆ. ಮುಂಬದಿಯ ಹಲಗೆ ಚೌಕಟ್ಟಿಗೆ ಬಡಿಯುವುದು ಒಂದು. ಒಳಗಿನ ಚಮಚ, ಲೋಟಗಳು ಗಲಗಲ ಎನ್ನುವುದು ಎರಡನೆಯದು. ಓಡುವ ದಾರಿ ಕಿರುಗುಟ್ಟುವುದು ಮೂರನೆಯದು. ಮೊದಲನೆಯದಕ್ಕೆ ಚೌಕಟ್ಟಿನ ಎರಡು ಮೂಲೆಯಲ್ಲಿ ಬಟನ್ನಿನಷ್ಟು ದಪ್ಪ ಬಟ್ಟೆಯನ್ನೋ ರಬ್ಬರನ್ನೋ ಅಂಟಿಸಿದರೆ ಸಾಕು. ಎರಡನೆಯದಕ್ಕೆ ತಳಕ್ಕೆ ಒಂದು ದಪ್ಪ ಹಾಸು, ನಡುವೆ ಎರಡು ತಡಿಕೆ. ಮೂರನೆಯದಕ್ಕೆ, ಮರದ ದಾರಿಯಾದರೆ ಜಿಡ್ಡು ಒರೆಸಿ ಮೇಣದಬತ್ತಿ ಉಜ್ಜುವುದು. ಸ್ಟೀಲ್ ಚಾನೆಲ್ ಆದರೆ ಕಸ ತೆಗೆದು, ಸ್ಕ್ರೂ ಬಿಗಿಮಾಡಿ, ಎರಡೂ ಬದಿ ಒಂದೇ ಮಟ್ಟದಲ್ಲಿವೆಯೇ ನೋಡುವುದು. ಇಷ್ಟಕ್ಕೆ ಒಂದು ಮಧ್ಯಾಹ್ನ ಸಾಕು. ಹಾಲಿನಲ್ಲಿ ಕೂತು ಸದ್ದಿಗೆ ಮುಖ ಹಿಂಡುವವರೇ ಇದನ್ನು ಮಾಡಬಹುದು.

ತಾನೇ ಮೆಲ್ಲಗೆ ಮುಚ್ಚುವ ಯಂತ್ರದಲ್ಲೂ ಮಾಯೆಯಿಲ್ಲ. ಒಂದು ಸ್ಪ್ರಿಂಗು ಕೊನೆಯ ಕೆಲವು ಇಂಚು ಒಳಗೆಳೆಯುತ್ತದೆ. ಎಣ್ಣೆ ತುಂಬಿದ ಪುಟ್ಟ ಕೊಳವೆಯೊಂದು ಆ ವೇಗವನ್ನು ತಡೆಯುತ್ತದೆ. ಜೋರಾಗಿ ತಳ್ಳಿದಷ್ಟೂ ಅದರ ತಡೆಯೂ ಜೋರು. ಚೆಂದದ ಉಪಾಯವೇ. ಆದರೆ ಅದು ಸರಿಯಾಗಿ ಕೆಲಸ ಮಾಡಲು ಪೆಟ್ಟಿಗೆ ಅಲುಗದೆ, ಊದಿಕೊಳ್ಳದೆ ನಿಲ್ಲಬೇಕು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದಕ್ಕೆ ಪೈಪೋಟಿ ಕೊಡುವ ಊರು. ಇಂಥ ಕಡೆ ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಹಲಗೆಯ ಅಂಚಿನೊಳಗೆ ಒಮ್ಮೆ ನೀರು ಹೋದರೆ ಅದು ಊದಿಕೊಳ್ಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಸ್ಕ್ರೂ ಹಿಡಿತ ತಪ್ಪುತ್ತದೆ. ಆಮೇಲೆ ಎಷ್ಟೇ ನಾಜೂಕಾದ ಚಾನೆಲ್ ಇದ್ದರೂ ಡ್ರಾಯರ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಸದ್ದೇನೋ ಇಲ್ಲ. ಡ್ರಾಯರೂ ಬರುವುದಿಲ್ಲ.

ನಮ್ಮ ಆಚಾರ್ರಿಗೆ ಈ ಮಳೆ ಗೊತ್ತು. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು, ಅಡ್ಡಕ್ಕೇ ಜಾಸ್ತಿ. ಅದಕ್ಕೆ ತಕ್ಕಂತೆ ಸಂದು ಬಿಡುತ್ತಾರೆ. ಆಷಾಢದಲ್ಲಿ ಬಿಗಿಯಾದ ಡ್ರಾಯರನ್ನು ಆಗಲೇ ಕೀಸಿಬಿಟ್ಟರೆ ಬೇಸಿಗೆಯಲ್ಲಿ ಮರ ಒಣಗಿ ಸಡಿಲಾಗಿ ಲೊಟಲೊಟ ಎನ್ನುತ್ತದೆ. ಅದಕ್ಕೇ ತಿಳಿದವರು ‘ಮಳೆ ಹೋಗ್ಲಿ, ಆಮೇಲೆ ನೋಡಣ’ ಎನ್ನುತ್ತಾರೆ. ಗುಡಿಗಾರರ ಗಂಧದ ಪೆಟ್ಟಿಗೆಗಳಿಗೆ ಹೆಸರಾದ ಸಾಗರದ ಸೀಮೆಯಲ್ಲಿ, ಮರಕ್ಕೆ ಮರ ಕೂಡಿಸುವ ವಿದ್ಯೆಯನ್ನು ಹೊರಗಿನಿಂದ ತರಿಸಬೇಕಾಗಿಲ್ಲ. ಆದರೆ ಈಗ ಬಹಳ ಕಡೆ ಆಚಾರ್ರಿಗೆ ಉಳಿದಿರುವುದು ಪೇಟೆಯಿಂದ ಬಂದ ಪೆಟ್ಟಿಗೆಗೆ ಸ್ಕ್ರೂ ಹಾಕುವ ಕೆಲಸ. ಕೆಟ್ಟಾಗ ಬೈಸಿಕೊಳ್ಳುವ ಕೆಲಸವೂ ಅವರದ್ದೇ.

ಅಡುಗೆಮನೆಯನ್ನು ಅಳೆದು ನೋಡುವ ಬೇರೆ ದಾರಿಯೂ ಇತ್ತು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಮಾರ್ಗರೆಟೆ ಶುಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಒಂದು ಅಡುಗೆಮನೆ ರೂಪಿಸಿದರು. ಇಂದಿನ ಮಾಡ್ಯುಲರ್ ಕಿಚನ್‌ಗಳಿಗೆಲ್ಲ ಅದು ಅಜ್ಜಿ. ಒಲೆಯಿಂದ ತೊಳೆಯುವ ಜಾಗಕ್ಕೆ ಎಷ್ಟು ಹೆಜ್ಜೆ, ಕೈ ಎಲ್ಲಿಯವರೆಗೆ ಚಾಚುತ್ತದೆ, ಕೂತು ಮಾಡಬಹುದಾದ ಕೆಲಸ ಯಾವುದು ಎಂದು ಅವರು ಲೆಕ್ಕ ಹಾಕಿದರು. ಅಕ್ಕಿ, ಬೇಳೆಯಂಥವನ್ನು ಎಳೆದು ನೇರ ಪಾತ್ರೆಗೆ ಸುರಿಯಬಹುದಾದ ಅಲ್ಯೂಮಿನಿಯಂ ಡ್ರಾಯರುಗಳನ್ನಿಟ್ಟರು. ಹಿಟ್ಟಿನ ಡ್ರಾಯರಿಗೆ ಮಾತ್ರ ಓಕ್ ಮರ, ಹುಳ ಬೀಳದಿರಲಿ ಎಂದು. ಆ ಇಕ್ಕಟ್ಟಿನ ಕೋಣೆ ಹೆಂಗಸನ್ನು ಒಂಟಿಯಾಗಿ ಕೂಡಿಹಾಕಿತು ಎಂಬ ಟೀಕೆ ಮುಂದೆ ಬಂತು, ಅದು ನ್ಯಾಯವಾದ ಟೀಕೆಯೇ. ಆದರೂ ಅಲ್ಲಿ ಅಳತೆ ಶುರುವಾದದ್ದು ದುಡಿಯುವ ಕೈಯಿಂದ. ನಾವು ಅದರ ಮೊಮ್ಮಗಳನ್ನು ಮನೆಗೆ ತಂದೆವು, ಅಳತೆಯನ್ನು ಅಲ್ಲೇ ಬಿಟ್ಟೆವು.

ಇನ್ನೊಂದು ಮಾತು ಹೇಳದೆ ಬಿಟ್ಟರೆ ಇದು ಬರೀ ಬಡಗಿ ಕೆಲಸದ ಲೇಖನವಾದೀತು. ನಮ್ಮ ಮನೆಗಳಲ್ಲಿ ಅಡುಗೆಮನೆಯ ಸದ್ದಿಗೆ ಅರ್ಥವಿದೆ. ‘ಪಾತ್ರೆ ಕುಕ್ಕುತ್ತಿದ್ದಾಳೆ’ ಎಂದರೆ ಯಾವ ಕನ್ನಡಿಗನಿಗೂ ನಿಘಂಟು ಬೇಡ. ಬಾಯಿಬಿಟ್ಟು ಹೇಳಲಾಗದ್ದನ್ನು ಎಷ್ಟೋ ಅತ್ತಿಗೆಯರು, ಸೊಸೆಯರು, ಕೂಲಿಗೆ ಬಂದವರು ಪಾತ್ರೆಯ ಮೂಲಕ, ಮುಚ್ಚಳದ ಮೂಲಕ ಹೇಳಿದ್ದಾರೆ. ಕೇಳಿಸಿಕೊಂಡವರು ‘ಏನಾಯ್ತು?’ ಎನ್ನುವ ಬದಲು ‘ಮೆತ್ತಗೆ’ ಎಂದಿದ್ದಾರೆ. ಡ್ರಾಯರನ್ನು ಜೋರಾಗಿ ತಳ್ಳಿದರೂ ಮೆತ್ತಗೇ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಸೌಕರ್ಯ ಎಂದು ಹೊಗಳುವಾಗ, ಆ ‘ಮೆತ್ತಗೆ’ ಎಂಬ ಗದರಿಕೆಯನ್ನೇ ಮರದೊಳಗೆ ಕೂರಿಸಿದ್ದೇವೆಯೇ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಮೆಲ್ಲಗೆ ಮುಚ್ಚುವ ಡ್ರಾಯರ್ ಹಾಕಿಸುವವರು ಹಾಕಿಸಲಿ. ಅದಕ್ಕೆ ಮುಂಚೆ ಮಾಡಬೇಕಾದ್ದು ಮಾಡಲಿ. ಆಚಾರ್ರು ಅಳತೆಪಟ್ಟಿ ಹಿಡಿದು ಬಂದಾಗ ಜಗಲಿಯಲ್ಲೇ ಕಾಫಿ ಕೊಟ್ಟು ಮಾತು ಮುಗಿಸಬೇಡಿ, ಒಳಗೆ ಕರೆದುಕೊಂಡು ಹೋಗಿ. ಅಡುಗೆ ಮಾಡುವವರನ್ನು ಅಲ್ಲಿ ನಿಲ್ಲಿಸಿ ಮೊದಲು ಅವರ ಮೊಣಕೈ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಲಿ. ಕಟ್ಟೆ ಅದಕ್ಕಿಂತ ಒಂದು ಗೇಣಿನ ಅರ್ಧದಷ್ಟಾದರೂ ಕೆಳಗಿರಬೇಕು.