ನಡುಪಟ್ಟಿಯ ವ್ಯಾಪಾರ

ದುಡ್ಡು ದೊಡ್ಡಪ್ಪ, ವಿದ್ಯೆ ಅದರಪ್ಪ ಎಂಬ ಗಾದೆ ನಮ್ಮದು. ಕರಾಟೆಯ ಲೋಕದಲ್ಲಿ ಇಂದು ಈ ನಂಟು ತಿರುಗುಮುರುಗಾಗಿದೆ. ಎಷ್ಟೋ ಕಡೆ ತಿಂಗಳ ಫೀಸು ಬೇರೆ, ಬಣ್ಣದ ಬೆಲ್ಟಿನ ಪರೀಕ್ಷೆಗೆ ಬೇರೆ, ಸರ್ಟಿಫಿಕೇಟಿಗೆ ಬೇರೆ. ಬಿಳಿಯಿಂದ ಕಪ್ಪಿಗೆ ಏರುವ ಒಂದೊಂದು ಮೆಟ್ಟಿಲಿಗೂ ಒಂದು ಸುಂಕದ ಕಟ್ಟೆ! ಪರೀಕ್ಷೆಯ ಹಣ ಪರೀಕ್ಷಕನ ಜೇಬಿಗೇ ಇಳಿಯುವಲ್ಲಿ ನಪಾಸಾಗುವವರು ಯಾರು?

ಹಿಂದಿನ ಗುರುಗಳು ಹೀಗಿರಲಿಲ್ಲವೆಂದು ನಿಟ್ಟುಸಿರು ಬಿಡುವವರುಂಟು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕರಾಟೆಯ ತವರು ಒಕಿನಾವಾ ದ್ವೀಪ. ಅಲ್ಲಿಯ ಶಾಲಾ ಉಪಾಧ್ಯಾಯ ಫುನಾಕೋಶಿ ಗಿಚಿನ್ ಕೇವಲ ಮೂರು ವರಸೆಗಳನ್ನು ಕಲಿಯಲು ಹತ್ತು ವರ್ಷ ಸವೆಸಿದರು. 1922ರಲ್ಲಿ, ಐವತ್ತು ದಾಟಿದ ಮೇಲೆ, ಟೋಕಿಯೋಗೆ ಹೋಗಿ, ವಿದ್ಯಾರ್ಥಿಗಳ ವಸತಿಗೃಹವೊಂದರಲ್ಲಿ ಕಾವಲು ಕಾದು, ಅಂಗಳ ಗುಡಿಸಿ, ಅಲ್ಲಿಯೇ ಪಾಠ ಹೇಳಿದರು. ಬೆಲ್ಟಿನ ದರ್ಜೆಯಾದರೋ ಪುರಾತನ ಸಂಪ್ರದಾಯವೇ ಅಲ್ಲ. ಜೂಡೋದಿಂದ ಎರವಲು ತಂದ ಆ ಪದ್ಧತಿಯಂತೆ ಫುನಾಕೋಶಿಯವರು ಮೊದಲ ದರ್ಜೆಗಳನ್ನು ಕೊಟ್ಟದ್ದು 1924ರಲ್ಲಿ. ಒಕಿನಾವಾದ ಇನ್ನೊಬ್ಬ ಗುರು ಮಿಯಾಗಿ ಚೋಜುನ್ 1953ರಲ್ಲಿ ತೀರಿಕೊಳ್ಳುವವರೆಗೂ ಶಿಷ್ಯರಿಗೆ ದರ್ಜೆ ಹಂಚಲಿಲ್ಲ.

ಇನ್ನರ್ಧ ಸತ್ಯವನ್ನು ಮಾತ್ರ ಈ ಮಹನೀಯರು ಮರೆಯುತ್ತಾರೆ. ಆ ಹಳೆಯ ಕಾಲ ಬಡವರದಾಗಿರಲಿಲ್ಲ. ರ್ಯೂಕ್ಯೂ ಅರಸರ ಆಳ್ವಿಕೆಯಲ್ಲಿ ಈ ವಿದ್ಯೆ ಹೆಚ್ಚಾಗಿ ಮೇಲ್ವರ್ಗದವರ ಸೊತ್ತು, ಕಲಿಕೆಯೆಲ್ಲ ಗುಟ್ಟಿನಲ್ಲಿ. 1879ರಲ್ಲಿ ಜಪಾನು ಆ ರಾಜ್ಯವನ್ನು ನುಂಗಿತು. ಆಮೇಲೆ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಇತೊಸು ಅಂಕೋ ಎಂಬ ಹಿರಿಯರು ಕರಾಟೆಯನ್ನು ಸಾರ್ವಜನಿಕ ಶಾಲೆಗಳಿಗೆ ತಂದರು. ಅದನ್ನು ಶಾಲೆಗಳಲ್ಲಿ ಹರಡಬೇಕೆಂದು 1908ರಲ್ಲಿ ಹತ್ತು ಅಂಶಗಳ ಪತ್ರವನ್ನೂ ಬರೆದರು. ಸಿಪಾಯಿಗಿರಿಗೆ ಇದು ಉಪಯುಕ್ತವೆಂಬ ಅವರ ವಾದವನ್ನು ನಾವು ಒಪ್ಪಬೇಕಿಲ್ಲ. ಆದರೆ ಕೆಲವರ ಗುಟ್ಟನ್ನು ಎಲ್ಲ ಮಕ್ಕಳ ಪಾಠವಾಗಿಸಿದ್ದು ಪೇಟೆಯಲ್ಲ, ಶಾಲೆ ಎಂಬುದನ್ನು ಮರೆಯಲಾಗದು.

ಗುರು ಉಪವಾಸವಿರಲಿ ಎಂದು ನಾವು ಹೇಳುವುದಿಲ್ಲ. ಕಲಿಸುವುದೂ ದುಡಿಮೆ, ದುಡಿಮೆಗೆ ಕೂಲಿ ಸಲ್ಲಲೇಬೇಕು. ಆದರೆ ಕೂಲಿ ಬೇರೆ, ದರ್ಜೆಯ ಮಾರಾಟ ಬೇರೆ. ಬಟ್ಟೆಯಲ್ಲಿ ಮೋಸಹೋದರೆ ಹಣವಷ್ಟೇ ಹೋಗುತ್ತದೆ. ಮೈಗೆ ಹತ್ತದ ವಿದ್ಯೆಯನ್ನು ಸೊಂಟಕ್ಕೆ ಕಟ್ಟಿಕೊಂಡ ಹುಡುಗಿಗೆ ಆ ಮೋಸ ತಿಳಿಯುವುದು ಕತ್ತಲ ಬೀದಿಯಲ್ಲಿ.

ನಮ್ಮ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಉಂಟು. ಹತ್ತು ವರ್ಷ ಬೇಡುವ ವಿದ್ಯೆಗೆ ಮೂರು ತಿಂಗಳು! ವರ್ಷವಿಡೀ ಪಾಠವಾಗಲಿ, ಕಲಿಸುವವರಿಗೆ ಸಂಬಳದ ನೌಕರಿ ಸಿಗಲಿ, ಪರೀಕ್ಷೆ ಮಾಡುವವರು ಫೀಸು ಮುಟ್ಟದಿರಲಿ. ಗುರುವಿನ ಹೊಟ್ಟೆ ಶಿಷ್ಯನ ಬೆಲ್ಟನ್ನು ನೆಚ್ಚಿಕೊಂಡಿರುವ ತನಕ ಗುರು "ನೀನಿನ್ನೂ ಕಲಿಯಬೇಕು" ಎಂದು ಹೇಳಲಾರ. ಆ ಮಾತು ಹೇಳಲಾರದವನು ಗುರುವಲ್ಲ, ಅಂಗಡಿಕಾರ.