ಮನೆಯ ಕಥೆ ತರಗತಿಗೆ ಬರಬೇಕೇ?

ಬಹರೈನ್‌ನ ಭಾರತೀಯ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳಿಗೆ ಸ್ತ್ರೀವಾದದ ಮಾತು ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಸಣ್ಣದಾಗಿ ಎದುರಾಗುತ್ತದೆ. ಅಂಕಕ್ಕೆ ಓದಿ ಮರೆಯುವವರೇ ಹೆಚ್ಚು. ಕಾಲೇಜು ಸೇರಿದ ಮೇಲೆ ಅದು ಮತ್ತೆ ಬಂದಾಗ, "ನಿನ್ನ ಬದುಕಿನಲ್ಲಿ ಇದರ ಅರ್ಥವೇನು, ಬರೆದುಕೊಂಡು ಬಾ" ಎನ್ನುವ ಅಧ್ಯಾಪಕರಿದ್ದಾರೆ. ಹಾಗೆ ಬರೆಸುವುದು ಸರಿಯೇ? ಪರ, ವಿರೋಧ ಎರಡೂ ವಾದಗಳನ್ನು ಕೆಳಗೆ ಇಟ್ಟಿದ್ದೇನೆ. ನನ್ನ ಒಲವು ಎರಡನೆಯ ವಾದದ ಕಡೆಗೆ. ಆದರೂ ಮೊದಲನೆಯದರ ಬಲ ಕಡಿಮೆಯಲ್ಲ.

ಪರ

ಬರೆಸಲೇಬೇಕು. ಬಹರೈನ್‌ನ ಹೆಣ್ಣುಮಕ್ಕಳ ಚರಿತ್ರೆಯನ್ನು ಇಸವಿಗಳಲ್ಲಿ ಹೇಳಿ ಮುಗಿಸಬಹುದು. 1928ರಲ್ಲಿ ಮುಹರ್ರಕ್‌ನಲ್ಲಿ ಹೆಣ್ಣುಮಕ್ಕಳ ಸರ್ಕಾರಿ ಶಾಲೆ ಶುರುವಾಯಿತು. 2002ರ ಚುನಾವಣೆಗಳಲ್ಲಿ ಹೆಂಗಸರು ಮತ ಹಾಕಿದರು, ಸ್ಪರ್ಧಿಸಿದರು, ಒಬ್ಬರೂ ಗೆಲ್ಲಲಿಲ್ಲ. 2006ರಲ್ಲಿ ಲತೀಫಾ ಅಲ್ ಗಊದ್ ಅವಿರೋಧವಾಗಿ ಸಂಸತ್ತಿಗೆ ಹೋದರು. ಹುಡುಗಿ ಇದನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸುತ್ತಾಳೆ. ತನ್ನ ಅಮ್ಮನ ವೀಸಾ ಅಪ್ಪನ ನೌಕರಿಗೆ ಅಂಟಿಕೊಂಡಿದೆ, ಅಪ್ಪನ ಕೆಲಸ ಹೋದರೆ ಅಮ್ಮನೂ ಗಂಟುಮೂಟೆ ಕಟ್ಟಬೇಕು ಎಂಬುದು ಮಾತ್ರ ಅವಳಿಗೆ ಪಾಠವಾಗಿ ಕಾಣುವುದೇ ಇಲ್ಲ. ಮಂಗಳೂರಿನಲ್ಲಿ ಟೀಚರಾಗಿದ್ದ ಅಮ್ಮ ಇಲ್ಲಿ ಅರ್ಜಿಗಳಲ್ಲಿ ಉದ್ಯೋಗದ ಮುಂದೆ "ಹೌಸ್‌ವೈಫ್" ಎಂದು ಬರೆಯುತ್ತಾಳೆ. ಶುಕ್ರವಾರ ಅಪ್ಪನಿಗೆ ರಜೆ, ಮಕ್ಕಳಿಗೆ ರಜೆ. ಅಮ್ಮ ಮಾತ್ರ ಕಾವಲಿಯ ಮುಂದೆ ನಿಂತು ಒಂದರ ಮೇಲೊಂದು ನೀರುದೋಸೆ ಹೊಯ್ಯುತ್ತಾಳೆ. ಅವಳ ಪಾಲಿನದು ಎಲ್ಲರೂ ಎದ್ದ ಮೇಲೆ, ತಣ್ಣಗಾಗಿ ತಟ್ಟೆಗೆ ಬೀಳುತ್ತದೆ.

ಇದನ್ನು ಬರೆಯಲು ಕೂತಾಗಲೇ ಹುಡುಗಿ ಪ್ರಶ್ನೆ ಕೇಳಲು ಕಲಿಯುವುದು. ಕಾಸರಗೋಡಿನ ಸಾರಾ ಅಬೂಬಕ್ಕರ್ ಎಂಬತ್ತರ ದಶಕದಲ್ಲಿ ಲಂಕೇಶ್ ಪತ್ರಿಕೆಯಲ್ಲಿ "ಚಂದ್ರಗಿರಿಯ ತೀರದಲ್ಲಿ" ಬರೆದಾಗ ಯಾವ ಸಿದ್ಧಾಂತದ ಪುಸ್ತಕವನ್ನೂ ಮುಂದಿಟ್ಟುಕೊಂಡಿರಲಿಲ್ಲ. ತಲಾಖಿನಿಂದ ಒಡೆದ ಒಂದು ಸಂಸಾರವನ್ನು ಓದುಗರ ಮುಂದಿಟ್ಟರು. 2025ರ ಅಂತರರಾಷ್ಟ್ರೀಯ ಬುಕರ್ ಬಂದ ಬಾನು ಮುಷ್ತಾಕರ ಕಥೆಗಳೂ ಅಡುಗೆಮನೆ, ಬಾಣಂತಿಕೋಣೆಗಳಿಂದಲೇ ಎದ್ದವು. ಮನೆಯಿಂದ ಶುರುಮಾಡಿದರೆ ಇನ್ನೊಬ್ಬಳೂ ಕಣ್ಣಿಗೆ ಬೀಳುತ್ತಾಳೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಪಾತ್ರೆ ತೊಳೆಯುವವಳು ಬೇರೆ ದೇಶದಿಂದ ಬಂದ ಹೆಂಗಸು. ತನ್ನ ಮಗುವನ್ನು ಯಾರದೋ ಕೈಯಲ್ಲಿ ಬಿಟ್ಟು, ನಮ್ಮ ಮಗುವಿಗೆ ಅನ್ನ ಕಲಸುತ್ತಾಳೆ. ಅವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸ್ತ್ರೀವಾದ ಅರ್ಧಂಬರ್ಧ.

ವಿರೋಧ

ಆ ಮನೆಗೆಲಸದ ಹೆಂಗಸನ್ನೇ ಮೊದಲು ತೆಗೆದುಕೊಳ್ಳೋಣ. ಅವಳ ಕಥೆ ಬರೆಯಲು ನಮ್ಮ ಹುಡುಗಿ ಅವಳ ಅನುಮತಿ ಕೇಳುತ್ತಾಳೆಯೇ? ಕೇಳಿದರೂ, ಯಜಮಾನರ ಮಗಳಿಗೆ ಬೇಡ ಎನ್ನುವ ಧೈರ್ಯ ಅವಳಿಗಿರುತ್ತದೆಯೇ? ಬಹರೈನ್‌ನ 2012ರ ಕಾರ್ಮಿಕ ಕಾನೂನಿನ ಕೆಲವೇ ರಕ್ಷಣೆಗಳು ಮನೆಗೆಲಸದವರಿಗೆ ಸಿಗುತ್ತವೆ. ದಿನಕ್ಕೆ ಇಷ್ಟೇ ಗಂಟೆ ದುಡಿಸಬೇಕೆಂಬ ಮಿತಿ, ವಾರಕ್ಕೊಂದು ರಜೆ ಎಂಬ ನಿಯಮ ಅವರಿಗಿಲ್ಲ. ತರಗತಿಯಲ್ಲಿ ಓದಬೇಕಾದದ್ದು ಇದನ್ನು. ಅನ್ನ ಕಲಸುವ ಕೈಯ ವರ್ಣನೆ ಓದಿ ಎಲ್ಲರ ಕಣ್ಣೂ ಒದ್ದೆಯಾಗಬಹುದು. ಆ ಕಾನೂನು ಹಾಗೇ ಉಳಿಯುತ್ತದೆ.

ಇನ್ನು ಹುಡುಗಿಯ ಮಾತು. ದ್ವೀಪ ಚಿಕ್ಕದು, ನಮ್ಮ ಜನ ಇನ್ನೂ ಕಡಿಮೆ. ರಾಜ್ಯೋತ್ಸವಕ್ಕೆ, ಯಕ್ಷಗಾನಕ್ಕೆ ಸೇರುವವರು ಅದೇ ನಾಲ್ಕು ಮುಖಗಳು. ಅಪ್ಪ ಕೈಯೆತ್ತಿದ್ದನ್ನು ಅವಳು ತರಗತಿಯಲ್ಲಿ ಓದಿದಳೋ, ವಾರ ಕಳೆಯುವುದರೊಳಗೆ ಮಾತು ಮನೆಗೆ ಮುಟ್ಟುತ್ತದೆ. ಆ ರಾತ್ರಿ ಅವಳ ಜೊತೆಗಿರಲು ಅಧ್ಯಾಪಕರಿಗೆ ಆಗುತ್ತದೆಯೇ? ಅದೇ ತರಗತಿಯ ಹುಡುಗ ಎರಡು ಪುಸ್ತಕ ತಿರುವಿ, ನೀಟಾಗಿ ಪ್ರಬಂಧ ಬರೆದು ಪಾರಾಗುತ್ತಾನೆ. ಅವನು ಓದಿದ್ದನ್ನು ಒಪ್ಪಿಸಿದರೆ ಸಾಕು, ಅವಳು ಗಾಯ ತೋರಿಸಬೇಕು. ಇಂಥ ಭಾರ ಹೆಣ್ಣಿನ ಹೆಗಲಿಗೇ ಬೀಳುವುದನ್ನು ಪ್ರಶ್ನಿಸಲೆಂದೇ ಈ ವಿಷಯ ಪಾಠವಾಗಿ ಬಂದದ್ದಲ್ಲವೇ? ಸಾರಾ, ಬಾನು ಇಬ್ಬರೂ ಪ್ರಬುದ್ಧ ವಯಸ್ಸಿನಲ್ಲಿ, ತಾವೇ ಬಯಸಿ ಬರೆದರು. ಎದುರಾದ ಕೋಪವನ್ನು ತಾವೇ ಹೊತ್ತರು. ಹದಿನೆಂಟರ ಹುಡುಗಿಯಿಂದ ಅಂಕಕ್ಕಾಗಿ ಅದನ್ನು ಕೇಳುವುದು ಬೇರೆ.

ಮನೆಯೊಳಗೆ ನಿಂತರೆ ಕಾಣದ ಸಂಗತಿಗಳೂ ಇವೆ. 2005ರಲ್ಲಿ ಬಹರೈನ್ ಸರ್ಕಾರ ಮದುವೆ, ವಿಚ್ಛೇದನಗಳಿಗೆ ಲಿಖಿತ ಕುಟುಂಬ ಕಾನೂನು ತರಲು ಹೊರಟಾಗ ಅದನ್ನು ವಿರೋಧಿಸಿ ಸಾವಿರಾರು ಜನ ಬೀದಿಗಿಳಿದರು. ಅವರಲ್ಲಿ ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿದ್ದರು. ತಮ್ಮ ಧರ್ಮದ ಕಟ್ಟಳೆ ಸರ್ಕಾರದ ಕೈಗೆ ಹೋದೀತೆಂಬ ಶಿಯಾ ಧರ್ಮಗುರುಗಳ ಆತಂಕ ಅದರ ಹಿಂದಿತ್ತು. ಇನ್ನೊಂದು ಕಡೆ ಗಾದಾ ಜಂಶೀರ್ ಅವರಂಥವರು ನ್ಯಾಯಾಧೀಶರ ಮರ್ಜಿಗೆ ಸಿಕ್ಕಿ ನಲುಗಿದ ಹೆಂಗಸರ ಪರವಾಗಿ ಅದೇ ಕಾನೂನಿಗೆ ಹೋರಾಡುತ್ತಿದ್ದರು. 2009ರಲ್ಲಿ ಬಂದ ಕಾನೂನು ಸುನ್ನಿಗಳಿಗೆ ಮಾತ್ರ ಅನ್ವಯಿಸಿತು; ಸುನ್ನಿ, ಶಿಯಾ ಇಬ್ಬರಿಗೂ ಒಂದೇ ಕಾನೂನು ಬರಲು 2017 ಆಗಬೇಕಾಯಿತು. ಹೆಂಗಸರ ಹೆಸರಿನ ಕಾನೂನಿಗೆ ಹೆಂಗಸರೇ ಏಕೆ ಅಡ್ಡ ನಿಂತರು? ವಿಚ್ಛೇದಿತ ಮುಸ್ಲಿಂ ಹೆಣ್ಣಿನ ಜೀವನಾಂಶದ ಶಾ ಬಾನೋ ಪ್ರಕರಣ ನೋಡಿದ ನಾಡಿನಿಂದ ಬಂದ ನಮಗೆ ಈ ಪ್ರಶ್ನೆ ತೀರಾ ಹತ್ತಿರದ್ದು. ಇದಕ್ಕೆ ಉತ್ತರ ಡೈರಿಯಲ್ಲಿ ಸಿಗುವುದಿಲ್ಲ. ಕೂತು ಓದಬೇಕು, ತಮ್ಮಂತಲ್ಲದವರ ಮಾತು ಕೇಳಬೇಕು.

ಹಾಗಾದರೆ ಅಧ್ಯಾಪಕರು ಏನು ಮಾಡಲಿ? ಬಹರೈನಿ ಹೆಂಗಸು ಪರದೇಶದವನನ್ನು ಮದುವೆಯಾದರೆ ಮಕ್ಕಳಿಗೆ ತಾಯಿಯ ಪೌರತ್ವ ಸಿಗದು, ಗಂಡಸಿನ ಮಕ್ಕಳಿಗೆ ಸಿಗುತ್ತದೆ. ಈ ನಿಯಮವನ್ನು ಅಮ್ಮನ ವೀಸಾದ ಪಕ್ಕದಲ್ಲಿಟ್ಟು ಓದಿಸಲಿ, ಹುಡುಗರಿಂದಲೂ ಹುಡುಗಿಯರಿಂದಲೂ ಒಂದೇ ಬಗೆಯ ಪ್ರಬಂಧ ಬರೆಸಲಿ. ಯಾರಾದರೂ ತಾನಾಗಿ ಬಂದು ಮನೆಯ ಮಾತು ತೆಗೆದರೆ ಅಧ್ಯಾಪಕರು ಬಾಗಿಲು ಹಾಕಿಕೊಂಡು ಕೇಳಲಿ, ಅದಕ್ಕೆ ಅಂಕ ಹಾಕುವುದು ಬೇಡ.